ಸಮುದ್ರವಿಲ್ಲದ ದೇಶ, ಹಡಗಿನಲ್ಲಿ ಪಾಲು

ಸ್ವಿಟ್ಜರ್ಲೆಂಡ್ ಅಂದ ಕೂಡಲೇ ನಿಮಗೆ ಏನೇನು ನೆನಪಾಗುತ್ತದೆ ಹೇಳಿ. ಹಿಮ, ಚಾಕೊಲೇಟ್, ಗಡಿಯಾರ, ಬ್ಯಾಂಕು, ರೆಡ್ ಕ್ರಾಸ್. ಹಿಂದಿ ಸಿನಿಮಾ ನೋಡಿ ಬೆಳೆದವರಿಗೆ ಹಿಮದ ಮೇಲೆ ಶಿಫಾನ್ ಸೀರೆಯ ಹಾಡು. ಮಂಗಳೂರು ಕಡೆಯವರಾದರೆ ಬಾಸೆಲ್ ಮಿಷನ್ ಅನ್ನುತ್ತೀರಿ. ಗುಲಾಮರ ವ್ಯಾಪಾರ ಅಂತ ಒಬ್ಬರೂ ಹೇಳುವುದಿಲ್ಲ. ಯಾಕೆ ಹೇಳಬೇಕು, ಅಲ್ವಾ? ಆ ದೇಶಕ್ಕೆ ಸಮುದ್ರವೇ ಇಲ್ಲ. ನೌಕಾಪಡೆ ಇರಲಿಲ್ಲ. ವಸಾಹತು ಅಂತ ಒಂದು ತುಂಡು ನೆಲವನ್ನೂ ಆಳಲಿಲ್ಲ. ಬ್ರಿಟನ್, ಫ್ರಾನ್ಸ್, ಪೋರ್ಚುಗಲ್‌ಗಳ ಹಳೇ ಪಾಪದ ಮಾತು ಬಂದಾಗಲೆಲ್ಲ ಸ್ವಿಸ್ ಸರ್ಕಾರ ಬಹಳ ವರ್ಷ ಒಂದೇ ಉತ್ತರ ಕೊಟ್ಟುಕೊಂಡು ಬಂತು. ದೇಶವಾಗಿ ನಾವು ಅದರಲ್ಲಿ ಇರಲಿಲ್ಲ ಅಂತ.

ಈ ಉತ್ತರ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಈಗಿನ ಸ್ವಿಸ್ ಒಕ್ಕೂಟ ಹುಟ್ಟಿದ್ದು 1848ರಲ್ಲಿ. ಅದಕ್ಕಿಂತ ಮುಂಚೆ ಗುಲಾಮರ ವ್ಯಾಪಾರ ಭರಾಟೆಯಿಂದ ನಡೆಯುತ್ತಿದ್ದ ಕಾಲದಲ್ಲಿ ತಪ್ಪು ಹೊರಿಸೋಣ ಅಂದರೆ ಆ ದೇಶದ ಸರ್ಕಾರವೇ ಇರಲಿಲ್ಲ. ಆದರೆ ಬರ್ನ್ ಇತ್ತು, ಜ್ಯೂರಿಕ್ ಇತ್ತು, ಬಾಸೆಲ್ ಇತ್ತು, ಜಿನೀವಾ ಇತ್ತು, ಆಗ ಪ್ರಷ್ಯಾದ ರಾಜನ ಕೈಕೆಳಗಿದ್ದ ನ್ಯೂಶಾಟೆಲ್ ಇತ್ತು. ಆ ಊರುಗಳಲ್ಲಿ ವರ್ತಕರಿದ್ದರು. ವರ್ತಕರು ಲೆಕ್ಕ ಬರೆದಿಟ್ಟಿದ್ದರು. ನಾನು ಹೇಳಹೊರಟಿರುವುದು ಆ ಲೆಕ್ಕದ ಪುಸ್ತಕಗಳ ಕತೆ.

ಮೊದಲು ಬಟ್ಟೆ. ಹದಿನೇಳನೇ ಶತಮಾನದಲ್ಲಿ ನಮ್ಮ ಕೋರಮಂಡಲ ಕರಾವಳಿಯಿಂದ, ಗುಜರಾತಿನಿಂದ ಅಚ್ಚು ಹಾಕಿದ ಹತ್ತಿ ಬಟ್ಟೆ ಯುರೋಪಿಗೆ ಹೋಗುತ್ತಿತ್ತು. ಒಗೆದರೂ ಬಣ್ಣ ಹೋಗದ ಬಟ್ಟೆಯನ್ನು ಅಲ್ಲಿನವರು ಕಂಡಿರಲಿಲ್ಲ. ಜನ ಮುಗಿಬಿದ್ದರು. ಫ್ರೆಂಚರು ಅದನ್ನು 'ಇಂಡಿಯೆನ್' ಅಂತಲೇ ಕರೆದರು. ತಮ್ಮ ರೇಷ್ಮೆ, ಉಣ್ಣೆ ನೇಕಾರರು ಹಾಳಾಗುತ್ತಾರೆ ಅಂತ ಫ್ರಾನ್ಸ್ ಸರ್ಕಾರ 1686ರಲ್ಲಿ ಇಂಡಿಯೆನ್ ಬಟ್ಟೆಯನ್ನು ತರುವುದು, ಮಾಡುವುದು ಎರಡನ್ನೂ ನಿಷೇಧಿಸಿತು. ಆ ನಿಷೇಧ 1759ರ ತನಕ ಇತ್ತು. ಇದಕ್ಕೆ ಒಂದು ವರ್ಷ ಮೊದಲು, 1685ರಲ್ಲಿ, ಅದೇ ಸರ್ಕಾರ ತನ್ನ ಪ್ರೊಟೆಸ್ಟೆಂಟ್ ಪ್ರಜೆಗಳಿಗಿದ್ದ ರಕ್ಷಣೆಯನ್ನೂ ಕಿತ್ತುಹಾಕಿತ್ತು. ಕಸುಬು ಗೊತ್ತಿದ್ದವರು, ದುಡ್ಡಿದ್ದವರು ಗಡಿ ದಾಟಿದರು. ಗಡಿಯ ಆಚೆ ಜಿನೀವಾ, ನ್ಯೂಶಾಟೆಲ್. ಫ್ರಾನ್ಸಿನಲ್ಲಿ ಕಾನೂನು ಬಿಡದ ಬಟ್ಟೆ ಇಲ್ಲಿ ಧಾರಾಳವಾಗಿ ತಯಾರಾಗತೊಡಗಿತು.

ಕೆಲಸ ಹೇಗಿತ್ತು ಅಂತ ಸ್ವಲ್ಪ ನೋಡೋಣ, ಸುಮ್ನೆ ಬಟ್ಟೆ ಬಟ್ಟೆ ಅಂದರೆ ಕಣ್ಣಿಗೆ ಕಟ್ಟುವುದಿಲ್ಲ. ಬಿಳಿ ಬಟ್ಟೆಯನ್ನು ನದಿ ಪಕ್ಕದ ಹುಲ್ಲುಗಾವಲಿನಲ್ಲಿ ಹಾಸಿ, ನೀರು ಚಿಮುಕಿಸುತ್ತ, ಬಿಸಿಲಿಗೆ ಬೆಳ್ಳಗೆ ಮಾಡುತ್ತಿದ್ದರು. ಮರದ ಅಚ್ಚಿನಿಂದ ಪಟಿಕದ ದ್ರಾವಣವನ್ನೋ ಕಬ್ಬಿಣದ ದ್ರಾವಣವನ್ನೋ ಒತ್ತಿ, ಆಮೇಲೆ ಮಂಜಿಷ್ಠದ ಜಾತಿಯ ಬೇರಿನ ಬಣ್ಣದಲ್ಲಿ ಕುದಿಸುತ್ತಿದ್ದರು. ಪಟಿಕ ಬಿದ್ದ ಕಡೆ ಕೆಂಪು, ಕಬ್ಬಿಣ ಬಿದ್ದ ಕಡೆ ಕಪ್ಪು. ಅಚ್ಚು ಒತ್ತುವವನ ಪಕ್ಕದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ನಿಂತಿರಬೇಕು. ಪ್ರತಿ ಸಲ ಅಚ್ಚು ಅದ್ದುವ ಮುಂಚೆ ತಟ್ಟೆಯ ಮೇಲೆ ಬಣ್ಣವನ್ನು ಸಮನಾಗಿ ಸವರುವುದು ಆ ಮಗುವಿನ ಕೆಲಸ. ದಿನವಿಡೀ ಅದೇ. ನ್ಯೂಶಾಟೆಲ್ ಹತ್ತಿರದ ಕೊರ್ಟಯೋದಲ್ಲಿ 1752ರಲ್ಲಿ ಶುರುವಾದ ಕಾರ್ಖಾನೆ ಯುರೋಪಿನ ಅತಿ ದೊಡ್ಡ ಅಚ್ಚುಬಟ್ಟೆ ಕಾರ್ಖಾನೆಗಳಲ್ಲಿ ಒಂದಾಯಿತು.

ಈ ಬಟ್ಟೆ ಎಲ್ಲಿಗೆ ಹೋಯಿತು? ಒಂದಷ್ಟು ಯುರೋಪಿನ ಹೆಂಗಸರ ಲಂಗಕ್ಕೆ, ಮನೆಯ ಪರದೆಗೆ. ಇನ್ನೊಂದಷ್ಟು ಫ್ರಾನ್ಸಿನ ನಾಂತ್ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಪಶ್ಚಿಮ ಆಫ್ರಿಕಾಕ್ಕೆ. ಗುಲಾಮರನ್ನು ಕೊಳ್ಳಲು ಹೋಗುವ ಹಡಗಿನಲ್ಲಿ ಬಂದೂಕು, ಮದ್ಯ, ಕಬ್ಬಿಣ ಎಲ್ಲ ಇರುತ್ತಿತ್ತು, ಆದರೆ ಸಾಮಾನ್ಯವಾಗಿ ಸರಕಿನ ಬೆಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಟ್ಟೆಯದೇ. ಆಫ್ರಿಕಾದ ಕರಾವಳಿಯ ವ್ಯಾಪಾರಿಗಳು ಸಿಕ್ಕಿದ್ದನ್ನೆಲ್ಲ ತಗೊಳ್ಳುವವರಲ್ಲ. ಭಾರತದ ಬಟ್ಟೆಯ ಅಂಚು, ಬಣ್ಣ, ಮುಟ್ಟಿದರೆ ಹೇಗಿರಬೇಕು ಅನ್ನುವುದೆಲ್ಲ ಅವರಿಗೆ ಗೊತ್ತಿತ್ತು. ಅದಕ್ಕೆ ಅಸಲಿ ಭಾರತದ ಬಟ್ಟೆಯೂ ಹೋಗಬೇಕಿತ್ತು, ಅದರ ಹಾಗೇ ಕಾಣುವ ಸ್ವಿಸ್ ಬಟ್ಟೆಯೂ ಹೋಗುತ್ತಿತ್ತು. ಬಟ್ಟೆ ಕೊಟ್ಟು ಮನುಷ್ಯರನ್ನು ಕೊಂಡರು. ಹೀಗೆ ಮಚಲಿಪಟ್ಟಣದ ಕಡೆಯ ಅಚ್ಚುಗಾರರ ವಿದ್ಯೆ, ಅವರಿಗೆ ಗೊತ್ತೇ ಇಲ್ಲದೆ, ಅಲ್ಲಿಗೆ ಹೋಗಿ ಮುಟ್ಟಿತ್ತು.

ಮಧ್ಯೆ ಒಂದು ಅಡ್ಡಮಾತು. ಚೌಕಾಬಾರ ಆಡಿದ್ದೀರಲ್ಲ, ಕವಡೆ ಹಾಕಿ? ಪಶ್ಚಿಮ ಆಫ್ರಿಕಾದ ಎಷ್ಟೋ ಕಡೆ ಆ ಕವಡೆಯೇ ದುಡ್ಡು. ಅದು ಬರುತ್ತಿದ್ದುದು ಮಾಲ್ಡೀವ್ಸ್‌ನಿಂದ. ಏಷ್ಯಾದಿಂದ ಹಿಂದಿರುಗುವ ಹಡಗುಗಳ ತಳದಲ್ಲಿ ಭಾರಕ್ಕೆ ಅಂತ ತುಂಬಿಕೊಂಡು ಯುರೋಪಿಗೆ ಒಯ್ದು, ಅಲ್ಲಿಂದ ಆಫ್ರಿಕಾಕ್ಕೆ ಕಳಿಸುತ್ತಿದ್ದರು. ಅದರಿಂದಲೂ ಮನುಷ್ಯರನ್ನು ಕೊಳ್ಳುತ್ತಿದ್ದರು. ಅಟ್ಲಾಂಟಿಕ್ ಗುಲಾಮರ ವ್ಯಾಪಾರ ಅಂದಾಗ ನಮಗೂ ಅದಕ್ಕೂ ಏನು ಸಂಬಂಧ ಅನ್ನುವವರಿಗೆ ನಾನು ಬಟ್ಟೆ ಮತ್ತು ಕವಡೆ ಎರಡನ್ನೂ ನೆನಪಿಸುತ್ತೇನೆ.

ಫ್ರಾನ್ಸ್ 1759ರಲ್ಲಿ ನಿಷೇಧ ತೆಗೆದ ಮೇಲೆ ಸ್ವಿಸ್ ಬಟ್ಟೆ ಮನೆತನಗಳು ನಾಂತ್‌ನಲ್ಲೇ ಹೋಗಿ ಕಾರ್ಖಾನೆ ಹಾಕಿದವು. ಗುಲಾಮರ ಹಡಗು ಹೊರಡುವ ಬಂದರಿನ ಪಕ್ಕದಲ್ಲೇ ಬಟ್ಟೆ ತಯಾರು, ಸಾಗಾಟದ ಖರ್ಚೂ ಉಳಿಯಿತು. ಬಟ್ಟೆ ಮಾರಿ ಸುಮ್ಮನಾದವರಿದ್ದರು, ಅಷ್ಟಕ್ಕೆ ನಿಲ್ಲದವರೂ ಇದ್ದರು. ಒಂದು ಹಡಗನ್ನು ಸಜ್ಜು ಮಾಡಿ ಆಫ್ರಿಕಾಕ್ಕೆ, ಅಲ್ಲಿಂದ ಕೆರಿಬಿಯನ್‌ಗೆ, ಮತ್ತೆ ಯುರೋಪಿಗೆ ತರಲು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಒಬ್ಬನೇ ಅಷ್ಟು ದುಡ್ಡು ಹಾಕಿ ಮುಳುಗಲು ತಯಾರಿರಲಿಲ್ಲ. ಹಾಗಾಗಿ ಎಂಟನೇ ಒಂದು, ಹದಿನಾರನೇ ಒಂದು, ಮೂವತ್ತೆರಡನೇ ಒಂದು ಅಂತ ಪಾಲು ಮಾಡುತ್ತಿದ್ದರು, ನಾವು ಚೀಟಿ ಹಾಕಿದ ಹಾಗೆ. ಬಾಸೆಲ್‌ನ ಕ್ರಿಸ್ಟೋಫ್ ಬರ್ಕ್‌ಹಾರ್ಟ್ ಮನೆತನದ ಕಂಪನಿಯ ಕಾಗದಪತ್ರ ಉಳಿದಿದೆ. 1783ರಿಂದ 1792ರ ಒಳಗೆ ಆ ಕಂಪನಿಗೆ 21 ಗುಲಾಮ ಯಾನಗಳಲ್ಲಿ ಪಾಲಿತ್ತು ಅಂತ ಅದನ್ನು ಓದಿದ ಇತಿಹಾಸಕಾರರು ತೋರಿಸಿದ್ದಾರೆ. ಪಾಲು ಹಾಕಿದವರು ಆ ಹಡಗು ಹತ್ತುವ ಅಗತ್ಯವೇ ಇರಲಿಲ್ಲ. ಬಾಸೆಲ್‌ನ ಮನೆಯಲ್ಲಿ ಕೂತು, ಭಾನುವಾರ ಚರ್ಚಿಗೆ ಹೋಗಿ ಬಂದು, ಕಾಗದಕ್ಕೆ ಸಹಿ ಹಾಕಿದರೆ ಸಾಕಿತ್ತು.

ಖಾಸಗಿಯವರು ಏನೋ ಮಾಡಿಕೊಂಡರು ಬಿಡಿ ಅನ್ನಬಹುದು. ಆದರೆ ಬರ್ನ್ ಸರ್ಕಾರವೇ, ಅಂದರೆ ಜನರ ತೆರಿಗೆ, ಕಂದಾಯದ ಖಜಾನೆಯೇ, ಲಂಡನ್ನಿನ ಸೌತ್ ಸೀ ಕಂಪನಿಯ ಷೇರು ಕೊಂಡಿತ್ತು. ಒಂದು ಕಾಲಕ್ಕೆ ಆ ಕಂಪನಿಯ ದೊಡ್ಡ ಷೇರುದಾರರಲ್ಲಿ ಬರ್ನ್ ಕೂಡ ಒಂದು. ಷೇರು ಬೆಲೆ ಹುಚ್ಚಾಪಟ್ಟೆ ಏರಿ ಕುಸಿದ 1720ರ 'ಗುಳ್ಳೆ'ಯ ಕತೆಯಲ್ಲಿ ಈ ಕಂಪನಿಯ ಹೆಸರು ನೀವು ಕೇಳಿರಬಹುದು. ಆ ಕಂಪನಿ ಮಾಡುತ್ತಿದ್ದುದೇನು ಅಂತ ಕೇಳಿದವರು ಕಡಿಮೆ. 1713ರ ಒಪ್ಪಂದದ ಪ್ರಕಾರ ಸ್ಪೇನಿನ ಅಮೆರಿಕನ್ ವಸಾಹತುಗಳಿಗೆ ವರ್ಷಕ್ಕೆ 4,800 ಗುಲಾಮರನ್ನು ಒದಗಿಸುವ ಗುತ್ತಿಗೆ ಬ್ರಿಟನ್ನಿಗೆ ಸಿಕ್ಕಿ, ಅದನ್ನು ನಡೆಸುವ ಹಕ್ಕು ಈ ಕಂಪನಿಗೆ ಬಂದಿತ್ತು. ಜ್ಯೂರಿಕ್ ನಗರವೂ ಅದರಲ್ಲಿ ದುಡ್ಡು ಹಾಕಿತು. ನಗರಸಭೆಯೇ ಕೇಳಿಕೊಂಡ ಮೇಲೆ ಜ್ಯೂರಿಕ್ ವಿಶ್ವವಿದ್ಯಾಲಯದ ಇತಿಹಾಸಕಾರರು 2020ರಲ್ಲಿ ಕೊಟ್ಟ ವರದಿಯ ಪ್ರಕಾರ, ನಗರದ ಈ ಹೂಡಿಕೆ 36,000ಕ್ಕೂ ಹೆಚ್ಚು ಆಫ್ರಿಕನ್ನರ ಸಾಗಾಟದಲ್ಲಿ ಪಾಲು ಪಡೆದಿತ್ತು. ಊರು ತಾನೇ ದುಡ್ಡು ಕೊಟ್ಟು ತನ್ನ ಹಳೇ ಖಾತೆ ಬಗೆಸಿತಲ್ಲ, ಅದು ನನಗೆ ಇಷ್ಟವಾಯಿತು. ಎಲ್ಲ ಊರೂ ಮಾಡುವ ಕೆಲಸವಲ್ಲ.

ಇನ್ನು ಸೈನಿಕರು. ಸ್ವಿಸ್ ಬಡ ಹುಡುಗರು ಶತಮಾನಗಳ ಕಾಲ ಬಾಡಿಗೆ ಸೈನಿಕರಾಗಿ ಯುರೋಪಿನ ರಾಜರಿಗೆಲ್ಲ ದುಡಿದವರು. ಸುರಿನಾಮಿನಲ್ಲಿ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ್ದ ಗುಲಾಮರನ್ನು 1770ರ ದಶಕದಲ್ಲಿ ಬೇಟೆಯಾಡಿದ ಡಚ್ ಪಡೆಯ ನಾಯಕ ಫೂರ್ಜೋ ಸ್ವಿಸ್. ಹೈಟಿಯಲ್ಲಿ ಗುಲಾಮರ ಕ್ರಾಂತಿಯನ್ನು ತುಳಿಯಲು ನೆಪೋಲಿಯನ್ 1803ರಲ್ಲಿ ಕಳಿಸಿದವರಲ್ಲಿ ಸ್ವಿಸ್ ಪಡೆಯೂ ಇತ್ತು. ಬಹುತೇಕರು ಹಳದಿ ಜ್ವರಕ್ಕೆ (ಯೆಲ್ಲೋ ಫೀವರ್) ಸತ್ತರು.

ಇದೇ ಸಾಲಿನ ಒಂದು ಪಡೆ ನಮ್ಮ ಶ್ರೀರಂಗಪಟ್ಟಣಕ್ಕೂ ಬಂದಿತ್ತು. ನ್ಯೂಶಾಟೆಲ್‌ನ ಶಾರ್ಲ್ ದಾನಿಯೆಲ್ ದ ಮ್ಯೂರೋನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ರೆಜಿಮೆಂಟ್ ಅದು. ಮೊದಲು ಆಫ್ರಿಕಾದ ತುದಿಯ ಕೇಪ್‌ನಲ್ಲಿತ್ತು. ಆ ಕೇಪ್ ಊರು ನಡೆಯುತ್ತಿದ್ದುದೇ ಗುಲಾಮರ ಮೇಲೆ. ಮಡಗಾಸ್ಕರ್, ಮೊಜಾಂಬಿಕ್, ಇಂಡೋನೇಷ್ಯಾದವರ ಜೊತೆ ಬಂಗಾಳ, ಮಲಬಾರ್, ಕೋರಮಂಡಲದಿಂದ ಒಯ್ದ ನಮ್ಮವರೂ ಅಲ್ಲಿ ಗುಲಾಮರಾಗಿದ್ದರು. ಅಲ್ಲಿಂದ ರೆಜಿಮೆಂಟ್ ಸಿಲೋನಿಗೆ ಬಂತು. 1795ರಲ್ಲಿ ಮಾಲೀಕ ಇಡೀ ಪಡೆಯನ್ನೇ ಬ್ರಿಟಿಷರ ಕಡೆಗೆ ದಾಟಿಸಿದ. ಈ ಸುದ್ದಿಯನ್ನು ಕೊಲಂಬೊ ಕೋಟೆಯೊಳಗಿದ್ದ ಅವನ ತಮ್ಮನಿಗೆ ಡಚ್ ಚೀಸ್ ಗಡ್ಡೆಯೊಳಗೆ ಬಚ್ಚಿಟ್ಟು ಕಳಿಸಿದರು ಅಂತ ಒಂದು ಕತೆ ಇದೆ. ನಾಲ್ಕು ವರ್ಷ ಕಳೆದು, 1799ರಲ್ಲಿ, ಅದೇ ಪಡೆ ಟಿಪ್ಪುವಿನ ಕೋಟೆಯ ಮೇಲೆ ಬಿದ್ದ ಸೈನ್ಯದಲ್ಲಿತ್ತು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ದ ಮ್ಯೂರೋನ್ ರೆಜಿಮೆಂಟಿನವರ ಗೋರಿಗಳಿವೆ. ಹಾಳು ಬಿದ್ದಿದ್ದ ಆ ಜಾಗವನ್ನು ಇತ್ತೀಚೆಗೆ ಸ್ವಿಟ್ಜರ್ಲೆಂಡಿನ ಆ ವಂಶದವರೇ ಮುಂದೆ ಬಂದು ದುರಸ್ತಿ ಮಾಡಿಸಿದರು. ಟಿಪ್ಪು ಗುಂಬಜ್ ನೋಡಲು ಹೋದವರು ಅಲ್ಲಿಗೂ ಒಂದು ಸಲ ಹೋಗಿ ಬನ್ನಿ. ಇನ್ನೊಂದು ವಿಷಯ: ದ ಮ್ಯೂರೋನ್ ಊರೂರು ತಿರುಗಿ ಕೂಡಿಹಾಕಿದ ವಸ್ತುಗಳನ್ನು 1795ರಲ್ಲಿ ನ್ಯೂಶಾಟೆಲ್‌ಗೆ ದಾನ ಕೊಟ್ಟ, ಅಲ್ಲಿನ ಜನಾಂಗ ವಸ್ತುಸಂಗ್ರಹಾಲಯದ ಮೂಲ ಅದೇ.

ಇಷ್ಟು ಕೇಳಿ ಸ್ವಿಸ್‌ನವರೆಲ್ಲ ಹೀಗೇ ಅಂತ ತೀರ್ಮಾನಿಸಬೇಡಿ. ಗುಲಾಮಗಿರಿ ವಿರುದ್ಧ ಬರೆದವರು, ಕೂಗಿದವರೂ ಅಲ್ಲಿದ್ದರು. ಜಿನೀವಾ ಸರೋವರದ ದಂಡೆಯ ಕೊಪೆ ಅನ್ನುವ ಊರಲ್ಲಿ ಲೇಖಕಿ ಮದಾಮ್ ದ ಸ್ತಾಲ್ ಅವರ ಮನೆ ಈ ವಿಚಾರದ ಒಂದು ಅಡ್ಡೆಯೇ ಆಗಿತ್ತು. ಅವರ ಮಗ ಓಗ್ಯುಸ್ತ್ 1820ರ ದಶಕದಲ್ಲಿ ನಾಂತ್‌ಗೆ ಹೋದ. ಕಾನೂನಿನ ಪ್ರಕಾರ ಆಗ ಫ್ರಾನ್ಸಿನಲ್ಲಿ ಗುಲಾಮರ ಸಾಗಾಟ ನಿಂತಿತ್ತು. ಆದರೂ ಅಲ್ಲಿನ ಕಮ್ಮಾರರ ಬಳಿ ಕೈಕೋಳ, ಕಾಲಿನ ಬೇಡಿ, ಕುತ್ತಿಗೆಯ ಪಟ್ಟಿ ಸಲೀಸಾಗಿ ಸಿಕ್ಕಿತು. ಕೊಂಡು ತಂದು ಪ್ಯಾರಿಸ್ಸಿನಲ್ಲಿ ದೊಡ್ಡವರ ಮುಂದೆ ಇಟ್ಟು ತೋರಿಸಿದ. ಭಾಷಣ ಮಾಡುವುದಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು. ಹಿಂದಿನ ತಲೆಮಾರಿನ ಸ್ವಿಸ್ ವರ್ತಕರು ಇಂಡಿಯೆನ್ ಬಟ್ಟೆ ಅಚ್ಚು ಹಾಕಿ ಕೊಟ್ಟಿದ್ದ ಊರೂ ಈ ನಾಂತ್.

ಈಗ ನನ್ನ ಲೆಕ್ಕದಲ್ಲಿ ಇಡೀ ಕತೆಯ ಮುಖ್ಯ ಭಾಗ. 1864ನೇ ಇಸವಿ. ಆಗ ಸ್ವಿಸ್ ಒಕ್ಕೂಟ ಹುಟ್ಟಿ 16 ವರ್ಷ. ಇನ್ನು ದೇಶವೇ ಇರಲಿಲ್ಲ ಅನ್ನುವ ಹಾಗಿಲ್ಲ. ಬ್ರಿಟನ್, ಫ್ರಾನ್ಸ್ ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ಮುಗಿಸಿದ್ದವು. ಅಮೆರಿಕದಲ್ಲಿ ಅದಕ್ಕಾಗಿ ಯುದ್ಧ ನಡೆಯುತ್ತಿತ್ತು. ಆದರೆ ಬ್ರೆಜಿಲ್‌ನಲ್ಲಿ ಇನ್ನೂ ಜೋರಾಗಿತ್ತು, ಅಲ್ಲಿ ಸ್ವಿಸ್ ಪ್ರಜೆಗಳು ಕಾಫಿ ತೋಟ ಇಟ್ಟುಕೊಂಡು ಗುಲಾಮರನ್ನು ದುಡಿಸುತ್ತಿದ್ದರು. ಷಾಫ್‌ಹೌಸನ್‌ನ ವಿಲ್ಹೆಲ್ಮ್ ಯೋಸ್ ಅನ್ನುವ ವೈದ್ಯ, ಸಂಸತ್ತಿನ ಸದಸ್ಯ, ಬ್ರೆಜಿಲ್ಲನ್ನು ಕಣ್ಣಾರೆ ನೋಡಿ ಬಂದವನು, ಗುಲಾಮರನ್ನು ಇಟ್ಟುಕೊಳ್ಳುವ ಸ್ವಿಸ್ ಪ್ರಜೆಗೆ ಶಿಕ್ಷೆಯಾಗಬೇಕು ಅಂತ ಪಟ್ಟು ಹಿಡಿದ. ಸರ್ಕಾರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅದರ ಸಾರ ಇಷ್ಟು: ಗುಲಾಮರನ್ನು ಇಟ್ಟುಕೊಳ್ಳುವುದು ಬ್ರೆಜಿಲ್‌ನಲ್ಲಿ ಅಪರಾಧವಲ್ಲ. ನಮ್ಮವರು ದುಡ್ಡು ಕೊಟ್ಟು ಕೊಂಡಿದ್ದಾರೆ. ಈಗ ಬಿಡಿ ಅಂದರೆ ಅವರಿಗೆ ನಷ್ಟ, ಅನ್ಯಾಯ. ಯೋಸ್‌ನ ಬೇಡಿಕೆ ಬಿದ್ದುಹೋಯಿತು. ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿದ್ದು 1888ರಲ್ಲಿ.

ಅದೇ 1864ರ ಆಗಸ್ಟಿನಲ್ಲಿ ಅದೇ ಸರ್ಕಾರ ದೇಶದೇಶದವರನ್ನು ಕರೆಸಿ, ಯುದ್ಧದಲ್ಲಿ ಗಾಯಗೊಂಡವರನ್ನು ಕಾಪಾಡುವ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿಸಿತ್ತು. ಎರಡೂ ಒಂದೇ ವರ್ಷ, ನಡುವೆ ನಾಲ್ಕು ತಿಂಗಳೂ ಇಲ್ಲ. ರೆಡ್ ಕ್ರಾಸ್‌ಗೆ ಕಾರಣನಾದ ಆನ್ರಿ ದ್ಯುನಾನ್ ಇಟಲಿಯ ಸೊಲ್ಫೆರಿನೊ ಯುದ್ಧಭೂಮಿಗೆ ಹೋಗಿದ್ದು ಯಾಕೆ ಗೊತ್ತಾ? ಫ್ರೆಂಚರು ವಶಪಡಿಸಿಕೊಂಡಿದ್ದ ಅಲ್ಜೀರಿಯಾದಲ್ಲಿ ಅವನದೊಂದು ಹಿಟ್ಟಿನ ಗಿರಣಿಯ ಕಂಪನಿ ಇತ್ತು. ಅದಕ್ಕೆ ನೀರಿನ ಹಕ್ಕು ಸಿಗದೆ ಒದ್ದಾಡುತ್ತಿದ್ದ. ಫ್ರಾನ್ಸಿನ ಚಕ್ರವರ್ತಿಗೆ ನೇರವಾಗಿ ಅರ್ಜಿ ಕೊಡೋಣ ಅಂತ ಹುಡುಕಿಕೊಂಡು ಹೋದವನಿಗೆ ಸಾವಿರಾರು ಗಾಯಾಳುಗಳು ಕಂಡರು. ಅವನು ಗುಲಾಮಗಿರಿ ವಿರುದ್ಧವೂ ಬರೆದವನೇ. ಒಬ್ಬನೇ ಮನುಷ್ಯನಲ್ಲಿ ಇವೆಲ್ಲ ಇರುತ್ತವೆ. ನನಗೆ ಅದರಲ್ಲಿ ಆಶ್ಚರ್ಯವಿಲ್ಲ, ಒಂದನ್ನು ಮಾತ್ರ ಶಾಲೆಯಲ್ಲಿ ಹೇಳಿಕೊಡುತ್ತೇವೆ ಅನ್ನುವುದಷ್ಟೇ ತಕರಾರು.

ಮಂಗಳೂರಿನವರು ಕಾಯುತ್ತಿದ್ದೀರಿ. ಬಾಸೆಲ್ ಮಿಷನ್ 1815ರಲ್ಲಿ ಶುರುವಾಯಿತು. ಅದರ ಆಡಳಿತ ಮಂಡಳಿಯಲ್ಲಿ ಕೂರುತ್ತಿದ್ದವರು ಆ ಊರಿನ ದೈವಭಕ್ತ ಹಳೇ ವರ್ತಕ ಮನೆತನಗಳವರು, ಪಾದ್ರಿಗಳು. ಗುಲಾಮರ ದುಡ್ಡಿನಿಂದಲೇ ಮಿಷನ್ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಅಂಥ ಮಾತಿಗೆ ರಸೀದಿ ಬೇಕು. ಆದರೆ ಬಾಸೆಲ್ ಚಿಕ್ಕ ಊರು, ವರ್ತಕ ಮನೆತನಗಳು ಒಂದಕ್ಕೊಂದು ನೆಂಟರು. ಮಿಷನ್ 1828ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ ಹೋಯಿತು, 1834ರಲ್ಲಿ ಮಂಗಳೂರಿಗೆ ಬಂತು. ನಮಗೆ ಮಂಗಳೂರ ಸಮಾಚಾರ, ಹೆಂಚಿನ ಕಾರ್ಖಾನೆ, ಕಿಟ್ಟೆಲ್ ನಿಘಂಟು ಗೊತ್ತು. ಗೋಲ್ಡ್ ಕೋಸ್ಟಿನ ಕತೆ ಗೊತ್ತಿಲ್ಲ.

ಅಲ್ಲಿ ಹೋದ ಯುರೋಪಿನ ಪಾದ್ರಿಗಳು ಜ್ವರಕ್ಕೆ ಒಬ್ಬರ ಹಿಂದೆ ಒಬ್ಬರು ಸತ್ತರು. ಆಗ ಮಿಷನ್ ಜಮೈಕಾ, ಆಂಟಿಗುವಾದಿಂದ, ಗುಲಾಮಗಿರಿಯಿಂದ ಬಿಡುಗಡೆಯಾದ ಕ್ರೈಸ್ತ ಕುಟುಂಬಗಳನ್ನು ಕರೆತಂದಿತು. 1843ರಲ್ಲಿ ಅವರು ಬಂದಿಳಿದರು. ಅವರಲ್ಲಿ ಕ್ಯಾಥರಿನ್ ಮಲ್‌ಗ್ರೇವ್ ಅನ್ನುವ ಹದಿಹರೆಯದ ಶಿಕ್ಷಕಿ. ಹುಟ್ಟಿದ್ದು ಅಂಗೋಲಾದಲ್ಲಿ. 1833ರಲ್ಲಿ, ಪುಟ್ಟ ಹುಡುಗಿಯಾಗಿದ್ದಾಗ, ಕದ್ದು ಹಡಗಿಗೆ ಹಾಕಿದ್ದರು. ಆ ಹಡಗು ಜಮೈಕಾದ ಹತ್ತಿರ ಒಡೆದು, ಹುಡುಗಿ ಬದುಕುಳಿದಳು, ಅಲ್ಲಿನ ಗವರ್ನರ್ ಅವಳಿಗೆ ಆಸರೆ ಕೊಟ್ಟ. ಹತ್ತು ವರ್ಷದ ಮೇಲೆ ಮತ್ತೆ ಆಫ್ರಿಕಾಕ್ಕೆ ಬಂದು ಹೆಣ್ಣುಮಕ್ಕಳ ಶಾಲೆ ನಡೆಸಿದಳು. 1851ರಲ್ಲಿ ಯೊಹಾನಸ್ ಜಿಮ್ಮರ್‌ಮಾನ್ ಅನ್ನುವ ಜರ್ಮನ್ ಪಾದ್ರಿ ಬಾಸೆಲ್‌ನ ಅಪ್ಪಣೆಗೆ ಕಾಯದೆ ಅವಳನ್ನು ಮದುವೆಯಾದ. ಈತ ಅಲ್ಲಿನ ಗಾ ಭಾಷೆಗೆ ವ್ಯಾಕರಣ ಬರೆದು, ಬೈಬಲ್ ಅನುವಾದಿಸಿದವನು, ನಮ್ಮ ಕಿಟ್ಟೆಲ್ ಥರದವನೇ. 1860ರ ಹೊತ್ತಿಗೆ ಬಾಸೆಲ್‌ನ ಮಂಡಳಿ, ಚರ್ಚಿಗೆ ಸೇರಿದವರು ತಮ್ಮ ಗುಲಾಮರನ್ನು ಬಿಡಲೇಬೇಕು ಅಂತ ಆದೇಶ ಮಾಡಿದಾಗ ಅದನ್ನು ಎದುರಿಸಿದವರಲ್ಲಿ ಇದೇ ಜಿಮ್ಮರ್‌ಮಾನ್ ಮುಂದೆ. ಇಲ್ಲಿನ ಗುಲಾಮಗಿರಿ ಅಮೆರಿಕದ ಹಾಗಲ್ಲ, ಮನೆಮಂದಿಯ ಹಾಗೆ ಇರುತ್ತಾರೆ, ಅವಸರ ಬೇಡ ಅನ್ನುವುದು ಅವನ ವಾದ. ಹೆಂಡತಿ ಗುಲಾಮರ ಹಡಗಿನಿಂದ ಉಳಿದು ಬಂದವಳು, ಗಂಡ ಹೀಗೆ ವಾದಿಸುತ್ತಾನೆ.

'ಮನೆಮಂದಿಯ ಹಾಗೆ' ಅನ್ನುವುದನ್ನು ನಾವೂ ಕೇಳಿದ್ದೇವೆ, ಅಲ್ವಾ? ಬ್ರಿಟಿಷರ ಗುಲಾಮಗಿರಿ ರದ್ದತಿ ಕಾಯ್ದೆ ಜಾರಿಗೆ ಬಂದಿದ್ದು 1834ರ ಆಗಸ್ಟ್ 1ರಂದು, ಮಿಷನ್ ಭಾರತಕ್ಕೆ ಬಂದ ವರ್ಷವೇ. ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು, ಗುಲಾಮರಿಗೆ ಏನೂ ಇಲ್ಲ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿದ್ದರು. ಕೆನರಾ ಜಿಲ್ಲೆಗೆ 1801ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದಿದ್ದ ಬುಕನನ್ ಇಲ್ಲಿನ ಗದ್ದೆಗಳಲ್ಲಿ ಗುಲಾಮರು ದುಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಭಾರತಕ್ಕೆ ಕಾನೂನು ಬಂದಿದ್ದು 1843ರಲ್ಲಿ, ಅದೂ ಗುಲಾಮನ ಮೇಲಿನ ಹಕ್ಕನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಅಂತಷ್ಟೇ. ಇಟ್ಟುಕೊಂಡವನಿಗೆ ಶಿಕ್ಷೆ ಇರಲಿಲ್ಲ.

ಧಾರವಾಡದವರಿಗೂ ಒಂದು ಎಳೆ ಇದೆ. ಅಮೆರಿಕದಲ್ಲಿ 1861ರಿಂದ ಯುದ್ಧವಾಗಿ, ಗುಲಾಮರು ಬೆಳೆಯುತ್ತಿದ್ದ ಹತ್ತಿ ಯುರೋಪಿಗೆ ಬರುವುದು ನಿಂತಾಗ ಎಲ್ಲರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಮೊದಲೇ ಬೇರೂರಿತ್ತು. ಅದನ್ನು ಸಾಗಿಸಲು ಕಾರವಾರ ಬಂದರು ಬೇಕು ಅಂತ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಬಾಂಬೆ ಪ್ರಾಂತಕ್ಕೆ ಸೇರಿಸಿದರು. ಆ ಹೊತ್ತಿನಲ್ಲಿ ಭಾರತದ ಹತ್ತಿ ವ್ಯಾಪಾರದಲ್ಲಿ ಬೆಳೆದ ಸ್ವಿಸ್ ಕಂಪನಿ ಫೋಲ್ಕಾರ್ಟ್ ಸಹೋದರರದು, 1851ರಲ್ಲಿ ವಿಂಟರ್‌ಟೂರ್ ಮತ್ತು ಬಾಂಬೆಯಲ್ಲಿ ಒಟ್ಟಿಗೇ ಬಾಗಿಲು ತೆರೆದದ್ದು. ಆ ಹೆಸರು ನಿಮ್ಮ ಮನೆಯ ಗೋಡೆಯ ಮೇಲೂ ಇರಬಹುದು. 1954ರಲ್ಲಿ ಟಾಟಾ ಜೊತೆ ಸೇರಿ ಅದು ವೋಲ್ಟಾಸ್ ಕಂಪನಿ ಕಟ್ಟಿತು.

ಈಗಿನ ಪರಿಸ್ಥಿತಿ ಹೇಳಿ ಮುಗಿಸುತ್ತೇನೆ. ಜ್ಯೂರಿಕ್ ರೈಲು ನಿಲ್ದಾಣದ ಮುಂದೆ ಆಲ್‌ಫ್ರೆಡ್ ಎಷರ್ ಪ್ರತಿಮೆ ನಿಂತಿದೆ. ಕ್ರೆಡಿಟ್ ಸ್ವಿಸ್ ಬ್ಯಾಂಕ್ ಕಟ್ಟಿದವನು. ಅವನ ಚಿಕ್ಕಪ್ಪನಿಗೆ ಕ್ಯೂಬಾದಲ್ಲಿ 80ಕ್ಕೂ ಹೆಚ್ಚು ಗುಲಾಮರಿದ್ದ ಕಾಫಿ ತೋಟವಿತ್ತು. ನ್ಯೂಶಾಟೆಲ್‌ನಲ್ಲಿ, ಗುಲಾಮರ ವ್ಯಾಪಾರದ ನಂಟಿದ್ದ ವರ್ತಕ ದಾವಿದ್ ದ ಪ್ಯೂರಿಯ ಪ್ರತಿಮೆಗೆ 2020ರಲ್ಲಿ ಯಾರೋ ಕೆಂಪು ಬಣ್ಣ ಸುರಿದರು. ಊರವರು ಪ್ರತಿಮೆ ತೆಗೆಯಲಿಲ್ಲ, ಅದರ ಹತ್ತಿರ ತಲೆಕೆಳಗಾದ ಒಂದು ಸಣ್ಣ ಪ್ರತಿಮೆ ಇಟ್ಟರು. ಕೆಲವರಿಗೆ ಇದು ಕಣ್ಣೊರೆಸುವ ಕೆಲಸ ಅನ್ನಿಸಿದೆ. ನನಗೆ ಹಾಗನ್ನಿಸುವುದಿಲ್ಲ, ತೆಗೆದುಹಾಕಿದ್ದರೆ ಇವತ್ತು ಕೇಳುವವರೇ ಇರುತ್ತಿರಲಿಲ್ಲ. ಜ್ಯೂರಿಕ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ 2024ರಲ್ಲಿ ದೇಶದ ವಸಾಹತು ನಂಟುಗಳ ಬಗ್ಗೆಯೇ ಒಂದು ದೊಡ್ಡ ಪ್ರದರ್ಶನ ಮಾಡಿತು.

ನಿಮ್ಮಲ್ಲಿ ವಿದ್ಯಾರ್ಥಿಗಳಿದ್ದರೆ ಒಂದು ಕೆಲಸ ಮಾಡಿ. ಬಾಸೆಲ್ ಮಿಷನ್ನಿನ ಹಳೇ ದಾಖಲೆ, ಫೋಟೋಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಮಂಗಳೂರು ಅಂತ ಹುಡುಕಿ, ಆಮೇಲೆ ಗೋಲ್ಡ್ ಕೋಸ್ಟ್ ಅಂತಲೂ ಹುಡುಕಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡದಲ್ಲಿ ಬರೆಯುವ ಕೆಲಸ ಇನ್ನೂ ಬೇಕಾದಷ್ಟಿದೆ.